ಹೊಳೆಯುವ ಬದಿ

ಬ್ಯಾಗಿನ ಒಳಜೇಬಿನಲ್ಲಿ ಸಿ.ಡಿ. ಇರಲಿಲ್ಲ.

ಕೋಮಲಾ ಬ್ಯಾಗನ್ನು ಚಾಪೆಯ ಮೇಲೆ ಬೋರಲು ಹಾಕಿ ಕೊಡವಿದಳು. ಮೇಕಪ್ ಡಬ್ಬಿ, ಚಮಕಿ ಹಚ್ಚಿದ ಕೆಂಪು ಜಾಕೀಟು, ಗಂಟಲಿಗೆಂದು ಸದಾ ಇಟ್ಟುಕೊಳ್ಳುವ ಕಲ್ಲುಸಕ್ಕರೆ ಪೊಟ್ಟಣ, ಮೊಬೈಲಿನ ಚಾರ್ಜರ್ ಎಲ್ಲ ಬಿದ್ದವು. ಸಿ.ಡಿ. ಬೀಳಲಿಲ್ಲ. ರಾತ್ರಿ ಮಲಗುವ ಮುಂಚೆ ಜೇಬಿನ ಮೇಲೆ ಕೈಯಿಟ್ಟು ನೋಡಿದ್ದಳು, ಇತ್ತು. ಇದೆಯೆಂದು ಗೊತ್ತಿದ್ದೂ ಮುಟ್ಟಿ ನೋಡುವುದು ಅವಳ ಚಾಳಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕೆಲವರು ಎದ್ದೆದ್ದು ಹೋಗಿ ನೋಡುತ್ತಾರಲ್ಲ, ಹಾಗೆ.

ಅಡುಗೆಮನೆಯಿಂದ ತಾಯಿ ಹನುಮಕ್ಕ, ಹುಡುಕಬೇಡ, ಅದನ್ನು ನಿಮ್ಮಪ್ಪ ಬೆಳಿಗ್ಗೆನೇ ಫ್ಯಾಕ್ಟರಿಗೆ ತೆಗೆದುಕೊಂಡು ಹೋದರು ಎಂದಳು. ಆಯುಧಪೂಜೆಗೆ.

"ಸಿ.ಡಿ.ನಾ?"

"ಇನ್ನೇನು ಮತ್ತೆ? ನಂಗೆ ಸುತ್ತಿಗೆ ಹೆಂಗೋ ಮಗೀಗೆ ಅದು ಹಂಗೆ ಅಂದ್ರು. ಪೂಜೆಗೆ ಇಟ್ಟು ಕೊಡ್ತಾರೆ ತಗೋ."

ಹನುಮಕ್ಕನ ದನಿಯಲ್ಲಿ ಹೆಮ್ಮೆಯಿತ್ತು. ಕೋಮಲಾ ಚಾಪೆಯ ಮೇಲೆ ಕೂತಳು. ಹೊಸೂರಿನ ಮೂಕಂಡಪಲ್ಲಿಯ ಆ ಎರಡು ಕೋಣೆಯ ಮನೆಯಿಂದ ಅಪ್ಪನ ಕಾರ್ಖಾನೆಗೆ ನಡೆದೇ ಹೋಗಬಹುದು. ಸಂಜೆ ಅದೇ ಕಾರ್ಖಾನೆಯ ಅಂಗಳದಲ್ಲಿ ಅವಳ ಕಾರ್ಯಕ್ರಮ. ಆ ಸಿ.ಡಿ.ಯಿಲ್ಲದೆ ಅವಳು ವೇದಿಕೆಯ ಮೇಲೆ ಬಾಯಿ ತೆರೆಯುವಂತಿರಲಿಲ್ಲ. ಇದು ಗೊತ್ತಿದ್ದವರು ಕೆಲವೇ ಜನ, ಅವರಲ್ಲಿ ಅಪ್ಪ ಅಮ್ಮ ಇರಲಿಲ್ಲ.

ಚುಕ್ಕಿ ಫೋರ್ ಎಂಬ ಹೆಸರನ್ನು ಆ ಹೊತ್ತಿಗಾಗಲೇ, ಅಂದರೆ ೨೦೦೬ರಲ್ಲಿ, ಜನ ಮರೆಯತೊಡಗಿದ್ದರು. ಆದರೆ 'ಏಣಿ ಹಾಕೋ' ಹಾಡು ಗೊತ್ತಿಲ್ಲದವರು ಹೊಸೂರಿನ ಸುತ್ತ ಕಡಿಮೆ. ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಸಂಗೀತ ಮಾಡುತ್ತಿದ್ದ ಕಿರಣ್‌ಕುಮಾರ್ ಎಂಬಾತ, ಹೊರದೇಶಗಳಲ್ಲಿ ಹುಡುಗಿಯರ ಗುಂಪುಗಳು ಹಾಡಿ ಕುಣಿದು ಲೋಕ ಗೆಲ್ಲುತ್ತಿವೆ, ನಮ್ಮಲ್ಲಿ ಯಾಕಾಗಬಾರದು ಎಂದು ನಾಲ್ಕು ಹುಡುಗಿಯರನ್ನು ಆರಿಸಿದ್ದ. ಒಬ್ಬಳು ಮಂಗಳೂರಿನವಳು, ಒಬ್ಬಳು ಮೈಸೂರಿನವಳು, ಹೊಸೂರಿನ ಕಡೆಯಿಂದ ಇಬ್ಬರು: ಕೋಮಲಾ ಮತ್ತು ವನಿತಾ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದೊಂದು ಹೊಸ ಹೆಸರು. ವನಿತಾಗೆ ಹಳದಿ; ಕೋಮಲಾಗೆ ಕೆಂಪು, ಹೆಸರು ಕೋಕೋ. ಅಪ್ಪ ಜಯರಾಮಯ್ಯ ಆ ಹೆಸರನ್ನು ಒಂದು ಸಲ ಬಾಯಿಯಲ್ಲಿ ಹೊರಳಿಸಿ ನೋಡಿ, ಕೋಳಿ ಕರೆದಂಗಾಯ್ತದೆ ಎಂದು ಬಿಟ್ಟುಬಿಟ್ಟಿದ್ದ.

ಕಿರಣ್‌ಕುಮಾರನ ಕೆಲಸದ ರೀತಿ ಸರಳವಾಗಿತ್ತು. ಸ್ಟುಡಿಯೋದಲ್ಲಿ ಯಾರ ಗಂಟಲು ಎಲ್ಲಿಗೆ ಹೊಂದುತ್ತದೋ ಅಲ್ಲಿಗೆ ಅದು. ಕ್ಯಾಮೆರಾದ ಮುಂದೆ ಯಾರ ಮುಖ ಹೊಂದುತ್ತದೋ ಅದು. ಎರಡೂ ಒಬ್ಬಳದೇ ಆಗಿರಬೇಕೆಂದು ಅವನಿಗೆ ಅನ್ನಿಸಿರಲಿಲ್ಲ. 'ಏಣಿ ಹಾಕೋ' ಹಾಡಿನ ಕೊನೆಗೆ ಒಂದು ಸಾಲು ಬರುತ್ತದೆ. 'ಮೋಡಕೇ' ಎಂದು ಮೂರು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಮೇಲೆ. ಮೂರನೆಯದು ಎಷ್ಟು ಮೇಲಿತ್ತೆಂದರೆ ಮೊದಲ ಸಲ ಕೇಳಿದವರು ಟೇಪ್‌ರೆಕಾರ್ಡರಿನ ಕಡೆ ತಿರುಗಿ ನೋಡುತ್ತಿದ್ದರು. ಅದನ್ನು ಹಾಡಿದವಳು ವನಿತಾ. ವೀಡಿಯೋದಲ್ಲಿ, ಕೃಷ್ಣಗಿರಿ ಬೆಟ್ಟದ ಬಂಡೆಯ ಮೇಲೆ ನಿಲ್ಲಿಸಿದ ಏಣಿಯ ತುದಿಯಲ್ಲಿ, ಗಾಳಿಗೆ ಕೂದಲು ಬಿಟ್ಟುಕೊಂಡು ಬಾಯಿ ತೆರೆದವಳು ಕೋಮಲಾ. ಊರೂರಿನ ಕೇಬಲ್ ಟಿವಿಯವರು ದಿನಕ್ಕೆ ಎಷ್ಟು ಸಲ ಹಾಕಿದರೋ. ಒಂದೇ ವರ್ಷದಲ್ಲಿ ಆ ಸಾಲು ಕೋಮಲಾಳದಾಗಿಹೋಯಿತು.

ಆಮೇಲಿನದೆಲ್ಲ ವೇದಿಕೆಗಳು. ದಾವಣಗೆರೆ, ಮಂಡ್ಯ, ಕಾಲೇಜುಗಳ ಅಂಗಳ, ಒಮ್ಮೆ ಮಸ್ಕತ್ತು. ಎಲ್ಲ ಕಡೆಯೂ ದನಿ ಸಿ.ಡಿ.ಯದು, ಮೈಕಿನ ಸ್ವಿಚ್ಚು ಆರಿಸಿರುತ್ತಿತ್ತು. ಕೋಮಲಾ ಉಸಿರನ್ನು ಎಲ್ಲಿ ಎಳೆದಂತೆ ಕಾಣಬೇಕು, ಮೂರನೆಯ 'ಮೋಡಕೇ'ಗೆ ಕುತ್ತಿಗೆಯ ನರ ಹೇಗೆ ಉಬ್ಬಬೇಕು ಎಂಬುದನ್ನು ಹಾಸ್ಟೆಲಿನ ಕನ್ನಡಿಯಲ್ಲಿ ಕಲಿತಳು. ನರ ಉಬ್ಬಿಸುವುದು ನಿಜವಾಗಿಯೂ ಕಷ್ಟದ ಕೆಲಸ. ಮರುದಿನ ಗಂಟಲು ನೋಯುತ್ತಿತ್ತು. ಹಾಡದೆಯೇ ನೋಯುವ ಗಂಟಲಿಗೆ ಅವಳು ಕಲ್ಲುಸಕ್ಕರೆ ತಿನ್ನುತ್ತಿದ್ದಳು.

ವನಿತಾಳನ್ನು ಎರಡನೆಯ ವರ್ಷವೇ ಬಿಟ್ಟರು. ದಪ್ಪ ಆಗಿದ್ದೀಯ ಎಂದ ಕಿರಣ್‌ಕುಮಾರ್. ಮಂಗಳೂರಿನವಳಿಗೆ ಮದುವೆಯಾಯಿತು, ಮೈಸೂರಿನವಳು ಸೀರಿಯಲ್ಲಿಗೆ ಹೋದಳು, ಗುಂಪು ಮುಗಿಯಿತು. ಉಳಿದ ಕೋಮಲಾಳಿಗೆ ಅವನು ಒಂದು ಮಾತು ಕೊಟ್ಟಿದ್ದ: ಒಬ್ಬಳೇ ಒಂದು ವೇದಿಕೆ ನಿಭಾಯಿಸಿ ತೋರಿಸು, ನಿನ್ನೊಬ್ಬಳದೇ ಆಲ್ಬಂ ಮಾಡುತ್ತೇನೆ. ಅದಕ್ಕೆಂದೇ ಹಾಡಿನಿಂದ ಉಳಿದ ಹುಡುಗಿಯರ ದನಿ ತೆಗೆದು, ಆ ಕೊನೆಯ ಸಾಲನ್ನು ಮಾತ್ರ ಹಾಗೆಯೇ ಉಳಿಸಿ ಹೊಸ ಸಿ.ಡಿ. ಮಾಡಿಸಿದ್ದ. ಇದ್ದದ್ದು ಎರಡೇ ಪ್ರತಿ. ಒಂದು ಇವಳ ಹತ್ತಿರ, ಒಂದು ಅವನ ಹತ್ತಿರ. ಅಪ್ಪನ ಕಾರ್ಖಾನೆಯವರು ಹಬ್ಬಕ್ಕೆ ಕರೆದಾಗ ಕಿರಣ್‌ಕುಮಾರ್ ತಾನೇ ಬಂದು ನೋಡುತ್ತೇನೆಂದಿದ್ದ. ಹೀಗೆ ಹೇಳುವಾಗಲೇ, ಕೋರಮಂಗಲದಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ ಸಿಕ್ಕಿದ್ದಾಳೆ, ಕ್ಯಾಮೆರಾ ಅವಳನ್ನು ಬಿಟ್ಟು ಅಲ್ಲಾಡುವುದಿಲ್ಲ ಎಂದೂ, ಕಾಫಿಗೆ ಸಕ್ಕರೆ ಕೇಳುವ ದನಿಯಲ್ಲಿ ಹೇಳಿದ್ದ. ಕೋಮಲಾಗೆ ಇಪ್ಪತ್ತನಾಲ್ಕು. ಮಾಲೂರಿನ ಕಡೆಯ ಒಂದು ಸಂಬಂಧಕ್ಕೆ ಹನುಮಕ್ಕ ಜಾತಕ ಬರೆಸಿಟ್ಟಿದ್ದಳು.

ಕಾರ್ಖಾನೆಯ ಗೇಟಿನಲ್ಲಿ ಒಡೆದ ಬೂದುಗುಂಬಳಕಾಯಿಯ ಹೋಳುಗಳನ್ನು ದಾಟಿಕೊಂಡು ಕೋಮಲಾ ಒಳಗೆ ಹೋದಳು. ವರ್ಷಕ್ಕೊಂದು ದಿನ ಮನೆಯವರನ್ನೂ ಒಳಗೆ ಬಿಡುವ ದಿನ ಅದು. ಮಿಷನ್ನುಗಳಿಗೆ ಬಾಳೆಕಂದು ಕಟ್ಟಿದ್ದರು, ಕಂಪ್ಯೂಟರಿನ ಪರದೆಗಳ ಮೂಲೆಗೂ ಗಂಧ. ಯಾವುದೂ ಓಡುತ್ತಿರಲಿಲ್ಲ. ಮಿಷನ್ನುಗಳ ಸದ್ದಿಲ್ಲದ ಆ ಶೆಡ್ಡು ಅವಳಿಗೆ ಏನನ್ನೋ ಕಾಯುತ್ತಿರುವಂತೆ ಕಂಡಿತು. ಹೆಂಗಸರು, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದರು. ಕೆಲವರು ಅವಳನ್ನು ಗುರುತಿಸಿ, ತಮಿಳಿನಲ್ಲೂ ತೆಲುಗಿನಲ್ಲೂ ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಟೂಲ್ ರೂಮಿನ ಬೆಂಚಿನ ಮೇಲೆ ಜಯರಾಮಯ್ಯ ಕೆಂಪು ಬಟ್ಟೆ ಹಾಸಿ ವರ್ನಿಯರ್, ಮೈಕ್ರೋಮೀಟರ್, ಅರಗಳು, ಸುತ್ತಿಗೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದ. ನಡುವೆ, ದೇವರ ಪಟಕ್ಕೆ ಒರಗಿಸಿ ಅವಳ ಸಿ.ಡಿ. ಇಟ್ಟಿದ್ದ, ಹೊಳೆಯುವ ಬದಿ ಎದುರಿಗಿತ್ತು. ಅದರ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ತೂತಿನ ಸುತ್ತ ಗಂಧ, ಗಂಧದ ಮೇಲೆ ರೂಪಾಯಿಯಗಲ ಕುಂಕುಮ. ಗಂಧ ಆಗಲೇ ಒಣಗಿ ಬಿರುಕು ಬಿಟ್ಟಿತ್ತು.

ಕೋಮಲಾಗೆ ಕೂಗಬೇಕೆನ್ನಿಸಿತು. ಸುತ್ತ ಅಪ್ಪನ ಜೊತೆಯವರಿದ್ದರು.

"ಅಪ್ಪಾ, ಹಾಡಿರೋ ಈ ಕಡೆ ಯಾಕೆ ಕುಂಕುಮ ಇಟ್ಟೆ? ಇಡೋದಾದ್ರೆ ಆ ಕಡೆ ಇಡಬಾರ್ದಿತ್ತಾ?"

ಜಯರಾಮಯ್ಯ ಅವಳನ್ನು ಅಚ್ಚರಿಯಿಂದ ನೋಡಿದ. ಸಿ.ಡಿ.ಯ ಇನ್ನೊಂದು ಬದಿಗೆ ಕಿರಣ್‌ಕುಮಾರ್ ಹಳೆಯ ಕ್ಯಾಸೆಟ್ಟಿನ ಮಿಕ್ಕ ಸ್ಟಿಕ್ಕರ್ ಅಂಟಿಸಿದ್ದ. ಅದರಲ್ಲಿ ನಾಲ್ಕು ಹುಡುಗಿಯರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಗುತ್ತಿದ್ದರು.

"ಆ ಕಡೆ ನಿಮ್ ಫೋಟೋ ಐತಲ್ಲಮ್ಮ," ಎಂದ ತಗ್ಗಿದ ದನಿಯಲ್ಲಿ. "ನಾಲ್ಕೂ ಬದುಕಿರೋ ಮಕ್ಳು. ಫೋಟೋ ಮ್ಯಾಲೆ ಹೆಂಗೆ ಕುಂಕುಮ ಇಡೋದು?"

ಅವಳ ಮನೆಯ ಗೋಡೆಯ ಮೇಲೂ ಕುಂಕುಮವಿದ್ದದ್ದು ತೀರಿಹೋದ ತಾತನ ಫೋಟೋಕ್ಕೆ ಮಾತ್ರ. ಅಪ್ಪ ಯೋಚಿಸಿಯೇ ಮಾಡಿದ್ದ. ತನ್ನ ಮಗಳನ್ನೂ ಯಾರೋ ಮೂರು ಮಂದಿಯ ಮಕ್ಕಳನ್ನೂ ಕೇಡಿನಿಂದ ಉಳಿಸಲು ಬರಿದಾಗಿದ್ದ ಬದಿಗೆ ಇಟ್ಟಿದ್ದ. ಅವಳು ಸಿ.ಡಿ.ಗೆ ಕೈ ಚಾಚಿದಳು. ಜಯರಾಮಯ್ಯ ಅವಳ ಮಣಿಕಟ್ಟು ಹಿಡಿದು, ಪೂಜೆಗೆ ಕೂತದ್ದನ್ನು ಹಾಗೆ ಎತ್ತಬಾರದು, ಮಂಗಳಾರತಿ ಆಗಲಿ, ಕದಲಿಸಿ ಕೊಡುತ್ತೇನೆ ಎಂದ. ಅವಳು ನಿಂತಳು. ಪೂಜಾರಿ ಒಂದೊಂದು ಮಿಷನ್ನಿನ ಮುಂದೆಯೂ ನಿಂತು, ಮ್ಯಾನೇಜರು ತೆಂಗಿನಕಾಯಿ ಒಡೆಯುತ್ತಾ ಫೋಟೋ ತೆಗೆಸಿಕೊಳ್ಳುವುದನ್ನು ಕಾದು, ಟೂಲ್ ರೂಮಿಗೆ ಬರುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಜಯರಾಮಯ್ಯ ಸಿ.ಡಿ.ಯನ್ನು ಉತ್ತರಕ್ಕೆ ಒಂದಿಷ್ಟು ಸರಿಸಿ, ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

ಅವಳು ಶೆಡ್ಡಿನ ಹಿಂದಿನ ನಲ್ಲಿಗೆ ಓಡಿದಳು. ನೀರು ಹಾಕಿ ದುಪಟ್ಟಾದಲ್ಲಿ ಒರೆಸಿದಳು, ತಟ್ಟೆ ಒರೆಸಿದಂತೆ ಸುತ್ತಲೂ. ಕುಂಕುಮ ಹೋಯಿತು. ಬೆಳಕಿಗೆ ಹಿಡಿದು ನೋಡಿದರೆ ಕಾಮನಬಿಲ್ಲಿನ ಬಣ್ಣಗಳ ಮೇಲೆ ಕೂದಲೆಳೆಯಂಥ ಗೀರುಗಳು. ಅವು ವಿಭೂತಿಯಿಂದ ಆದವೋ ತನ್ನ ಕೈಯಿಂದಲೋ ಗೊತ್ತಾಗಲಿಲ್ಲ.

ಅಂಗಳದ ವೇದಿಕೆಯಲ್ಲಿ ಮತ್ತಿಗಿರಿಯ ಚಿನ್ನಪ್ಪ ತನ್ನ ಆರ್ಕೆಸ್ಟ್ರಾದ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ಮದುವೆ, ಗಣೇಶನ ಹಬ್ಬ, ಕಾರ್ಖಾನೆ ಹಬ್ಬ ಎಲ್ಲಕ್ಕೂ ಕೀಬೋರ್ಡ್ ನುಡಿಸುವವನು; ಮೂರು ಭಾಷೆಯಲ್ಲೂ ಜನರನ್ನು ನಗಿಸಬಲ್ಲವನು. ಅವನ ಕೀಬೋರ್ಡಿನ ಹಣೆಯಲ್ಲೂ ಕುಂಕುಮವಿತ್ತು. ಸಿ.ಡಿ.ಯನ್ನು ಪ್ಲೇಯರಿಗೆ ಹಾಕಿದ. ಹಾಡು ಶುರುವಾಯಿತು, ಪಲ್ಲವಿ ದಾಟಿತು, ಎರಡನೆಯ ಚರಣವೂ ದಾಟಿತು. ಕೋಮಲಾ ಉಸಿರು ಬಿಟ್ಟಳು. ಆಗ ಅದು ನಿಂತಲ್ಲೇ ನಿಂತು, ಮೋ ಮೋ ಮೋ ಮೋ ಎನ್ನತೊಡಗಿತು. ಶಾಮಿಯಾನ ಕಟ್ಟುತ್ತಿದ್ದವನೊಬ್ಬ ಏಣಿಯ ಮೇಲಿಂದ, ಕರು ತಾಯಿನ ಕರೀತೈತೆ ಬಿಡ್ರಲಾ ಎಂದ. ಎಲ್ಲರೂ ನಕ್ಕರು. ಚಿನ್ನಪ್ಪ ತೆಗೆದು, ಬಾಯಿಂದ ಊದಿ, ಮತ್ತೆ ಹಾಕಿದ. ಅದೇ ಜಾಗ. ಮೂರನೆಯ ಸಲ ಅದಕ್ಕೂ ಮುಂಚೆಯೇ ಸಿಕ್ಕಿಕೊಂಡಿತು.

"ಹೋಗ್ಲಿ ಬಿಡಮ್ಮಣ್ಣಿ," ಎಂದ ಚಿನ್ನಪ್ಪ. "ನಾನು ಕೀಬೋರ್ಡಲ್ಲೇ ನುಡಿಸ್ತೀನಿ, ನೀವು ಹಾಡ್ಬುಡಿ. ನಿಮ್ಮ ಹಾಡು ನಿಮಗೇನು ಕಷ್ಟ?"

ಅವಳು ನಗಲು ಯತ್ನಿಸಿ, ನೋಡೋಣ ಎಂದು ವೇದಿಕೆಯ ಹಿಂದೆ ಹೋಗಿ ಕಿರಣ್‌ಕುಮಾರನಿಗೆ ಫೋನು ಮಾಡಿದಳು. ಅವನು ಆಗಲೇ ಹೊರಟಿದ್ದ, ಅತ್ತಿಬೆಲೆ ದಾಟುತ್ತಿದ್ದ. ಇನ್ನೊಂದು ಪ್ರತಿ ಕಾರಿನಲ್ಲೇ ಇದೆ, ತಲೆ ಕೆಡಿಸಿಕೊಳ್ಳಬೇಡ ಎಂದ.

"ಆದ್ರೆ ಒಂದು ಮಾತು," ಎಂದ. "ಏನೇ ಆಗ್ಲಿ, ಲೈವ್ ಮಾತ್ರ ಹಾಡ್ಬೇಡ. ಜನ ಒಂದ್ಸಲ ನಿನ್ನ ನಿಜವಾದ ವಾಯ್ಸ್ ಕೇಳಿಬಿಟ್ರೆ ಆಲ್ಬಂ ಮರೆತುಬಿಡು. ನಾನು ಬರ್ತೀನಿ."

ಆದರೆ ಅವನು ಬರಲಿಲ್ಲ. ಮತ್ತೆ ಮಾಡಿದಾಗ ಜೂಜುವಾಡಿಯ ಹತ್ತಿರ ನಿಂತಿದ್ದ. ಲಾರಿಯವರೆಲ್ಲ ರಸ್ತೆಯ ಮೇಲೆಯೇ ಲಾರಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಕುಂಬಳಕಾಯಿ ಒಡೆಯುತ್ತಿದ್ದರಂತೆ. ಒಂದು ಲಾರಿ ಜಾರಿ ಅಡ್ಡ ನಿಂತಿತ್ತಂತೆ. ಅದರ ನಂತರ ಅವನ ಫೋನು ಬರಿಯ ಗುಂಯ್ ಎನ್ನುತ್ತಿತ್ತು.

ವನಿತಾ ಇದೇ ಕಾರ್ಖಾನೆಯಲ್ಲಿದ್ದಾಳೆಂದು ಅಪ್ಪ ಎರಡು ವರ್ಷದ ಹಿಂದೆಯೇ ಹೇಳಿದ್ದ. ಆಗಿನಿಂದ ಕೋಮಲಾ ಊರಿಗೆ ಬಂದಾಗಲೆಲ್ಲ ಶಿಫ್ಟು ಬಿಡುವ ಹೊತ್ತಿಗೆ ಹೊರಗೆ ಹೋಗುತ್ತಿರಲಿಲ್ಲ. ಇವತ್ತು ತಾನೇ ಹುಡುಕಿಕೊಂಡು ಹೋದಳು. ಹೆಂಗಸರು ಪೆಟ್ಟಿಗೆಗಳಿಗೆ ವೈರು ಜೋಡಿಸುವ ಸೆಕ್ಷನ್ನಿನಲ್ಲಿ, ಕಡ್ಲೆಪುರಿ ಪೊಟ್ಟಣಗಳ ರಾಶಿಯ ಹಿಂದೆ ವನಿತಾ ಕೂತಿದ್ದಳು. ಹಸಿರು ಸೀರೆ, ಕಿವಿಯ ಮೇಲೆ ಪೆನ್ನು. ಸ್ವಲ್ಪವೂ ದಪ್ಪ ಇರಲಿಲ್ಲ.

"ಕೋಕೋ ಮೇಡಮ್ಮು ನಮ್ ಸೆಕ್ಷನ್‌ಗೆ ಬಂದವ್ರೆ, ಒಂದು ಕುರ್ಚಿ ಹಾಕ್ರೇ," ಎಂದಳು ಪಕ್ಕದವರಿಗೆ. ಯಾರೂ ಹಾಕಲಿಲ್ಲ. ಕೋಮಲಾ ಅವಳನ್ನು ಬಾಗಿಲ ಆಚೆಗೆ ಕರೆದುಕೊಂಡು ಬಂದು, ಕುಂಕುಮದಿಂದ ಜೂಜುವಾಡಿಯವರೆಗೆ ಎಲ್ಲ ಹೇಳಿದಳು. ಕೊನೆಗೆ, ಆ ಸಾಲು ಬಂದಾಗ ನೀನು ಪರದೆಯ ಹಿಂದಿನಿಂದ ಇನ್ನೊಂದು ಮೈಕಿನಲ್ಲಿ ಹಾಡುತ್ತೀಯಾ ಎಂದು ಕೇಳಿದಳು. ಕೇಳುವಾಗ ವನಿತಾಳ ಮುಖ ನೋಡಲಾಗದೆ ಅವಳ ಕಿವಿಯ ಪೆನ್ನನ್ನು ನೋಡುತ್ತಿದ್ದಳು.

"ಆವಾಗ ಗೋಡೆ ಹಿಂದೆ, ಈವಾಗ ಪರದೆ ಹಿಂದೆ," ಎಂದಳು ವನಿತಾ. "ಪರವಾಗಿಲ್ಲ, ತೆಳ್ಳಗಾಗ್ತಾ ಬಂದೈತೆ."

"ನೀನು ಬೈದ್ರೂ ಸರಿ ವನಿತಾ. ಇದೊಂದ್ಸಲ."

"ಬೈಯಕ್ಕೆ ಏನೈತೆ." ವನಿತಾ ಪುರಿಯ ಪೊಟ್ಟಣವೊಂದನ್ನು ಹರಿದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. "ನಂಗೂ ಬರಕಿಲ್ಲ ಕಣೇ ಅದು."

ಕೋಮಲಾ ನಂಬಲಿಲ್ಲ. ಸೇಡಿಗೆ ಹೇಳುತ್ತಿದ್ದಾಳೆ ಅಂದುಕೊಂಡಳು. ಹಾಗೆಂದೇಬಿಟ್ಟಳು.

"ಸೇಡು ತೀರಿಸ್ಕೊಳ್ಳೋದಾಗಿದ್ರೆ ಬತ್ತೀನಿ ಅಂತೇಳಿ ಬರದಂಗೆ ಇರ್ತಿದ್ದೆ," ಎಂದಳು ವನಿತಾ. "ಸ್ಟುಡಿಯೋದಲ್ಲಿ ನಾನು ಹಾಡಿದ್ದು ಕೆಳಗೆ. ಮೂರನೇದು ಎಷ್ಟು ಸಲ ಎಳೆದ್ರೂ ಬರ್ಲಿಲ್ಲ, ಗಂಟಲು ಕಟ್ಕೊಂಡ್ತು, ಅತ್ಬುಟ್ಟೆ. ಕಿರಣ್ ಸಾರು, ಇರ್ಲಿ ಬಿಡು, ಇಷ್ಟು ಸಾಕು ಅಂದ್ರು. ಆಮೇಲೆ ಕ್ಯಾಸೆಟ್ ಬಂತು. ಕೇಳಿದ್ರೆ ಮ್ಯಾಲೈತೆ. ಕಂಪ್ಯೂಟರಲ್ಲಿ ಎತ್ತವ್ರೆ."

"ಯಾರಿಗೂ ಹೇಳ್ಲಿಲ್ವಾ?"

"ಏನಂತ ಹೇಳ್ಲಿ? ನಮ್ ಊರಲ್ಲಿ, ಬಾಯಿ ಆಡ್ಸಿದ್ದು ಅವಳು, ಹಾಡಿದ್ದು ನಮ್ ವನಿತಾ ಅಂತ ಮನೆಯೋರು ಹೇಳ್ಕೊಂಡು ಓಡಾಡ್ತಾರೆ. ನಮ್ಮತ್ತೆ ಇವತ್ತಿಗೂ ನೆಂಟರು ಬಂದ್ರೆ ಹಾಡು ಅಂತಾಳೆ. ಗಂಟಲು ನೋವು ಅಂತೀನಿ. ಮದುವೆಯಾದಾಗಿಂದ ನಂಗೆ ಗಂಟಲು ನೋವು."

ಅವಳು ನಕ್ಕಳು. ಕೋಮಲಾಳಿಗೆ ನಗು ಬರಲಿಲ್ಲ. ಐದು ವರ್ಷ ಅವಳು ಒಬ್ಬಳ ದನಿಯನ್ನು ಕದ್ದು ಬದುಕುತ್ತಿದ್ದೇನೆಂದು ಹೆದರಿದ್ದಳು. ಯಾವ ಸಭೆಯಲ್ಲೂ ಮೊದಲು ಹಳದಿ ಬಟ್ಟೆಯವರನ್ನು ಹುಡುಕುತ್ತಿತ್ತು ಕಣ್ಣು. ಈಗ ಹಗುರವಾಗಬೇಕಿತ್ತು. ಆದರೆ ಮೂರನೆಯ ಆ ಸ್ವರ ಎಲ್ಲೋ ಒಬ್ಬಳ ಗಂಟಲಿನಲ್ಲಿ ಇದೆ, ಇವತ್ತಲ್ಲ ನಾಳೆ ಕಾಲಿಗೆ ಬಿದ್ದಾದರೂ ಕೇಳಬಹುದು ಎಂಬ ಒಂದು ನೆಲವಿತ್ತಲ್ಲ, ಅದು ಹೋಯಿತು. ಸಾವಿರಾರು ಜನ ಬಾಯಿಪಾಠ ಮಾಡಿಕೊಂಡ ಸ್ವರ ಯಾರ ಗಂಟಲಿನಲ್ಲೂ ಇರಲೇ ಇಲ್ಲ.

"ಕೆಳಗೇ ಹಾಡಿದ್ರೆ?" ಎಂದಳು.

"ಕೆಳಗೆ ಹಾಡೋದಾದ್ರೆ ನಮ್ಮತ್ತೇನೂ ಹಾಡ್ತಾಳೆ," ಎಂದಳು ವನಿತಾ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಆ ಹಾಡೇ ಅಲ್ಲ ಅಂತಾರೆ ಜನ. ಅದಕ್ಕೆ ನೀನು ತಯಾರಿರ್ಬೇಕು ಅಷ್ಟೆ," ಎಂದು ಪೊಟ್ಟಣವನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದಳು.

ಸಂಜೆಯಾಯಿತು. ಚಿನ್ನಪ್ಪನ ತಂಡದವರು ಒಂದರ ಹಿಂದೆ ಒಂದು ತಮಿಳು ಹಾಡು ಹಾಡಿ ಹೊತ್ತು ತಳ್ಳಿದರು. ಕೋಮಲಾ ಪರದೆಯ ಹಿಂದೆ ಕೆಂಪು ಜಾಕೀಟು ಹಾಕಿಕೊಂಡು ಗೇಟಿನ ಕಡೆಯೇ ನೋಡುತ್ತಿದ್ದಳು. ಕಿರಣ್‌ಕುಮಾರನದರಂಥ ಬಿಳಿ ಕಾರು ಕಂಡಾಗಲೆಲ್ಲ ಪರದೆ ಸರಿಸಿ ಇಣುಕುತ್ತಿದ್ದಳು. ಎಲ್ಲವೂ ಆಫೀಸರುಗಳ ಕಾರುಗಳು, ಪೂಜೆ ಮುಗಿಸಿ ಹೊರಗೆ ಹೋಗುತ್ತಿದ್ದವು. ಕಾರ್ಖಾನೆಯ ಆಫೀಸರೊಬ್ಬರು ಎರಡು ಸಲ ಬಂದು ಹೋಗಿದ್ದರು. ಮೂರನೆಯ ಸಲ ಬಂದು, "ಮೇಡಂ, ಬಸ್ಸೆಲ್ಲಾಂ ವೆಯ್ಟಿಂಗ್. ಇನಿ ಲೇಟ್ ಪಣ್ಣ ಮುಡಿಯಾದು," ಇನ್ನು ತಡ ಮಾಡಲಾಗದು ಎಂದು ತಮಿಳಿನಲ್ಲಿ ಹೇಳಿ ಕೈ ಮುಗಿದರು. ಕೆಲಸದವರನ್ನು ಊರೂರಿಗೆ ಬಿಡುವ ಬಸ್ಸುಗಳು ಗೇಟಿನಾಚೆ ಎಂಜಿನ್ ಚಾಲೂ ಮಾಡಿ ನಿಂತಿದ್ದವು. ಜನ ಹೋಗಿಬಿಟ್ಟರೆ ಕಿರಣ್‌ಕುಮಾರನಿಗೆ ತೋರಿಸಲು ಖಾಲಿ ಕುರ್ಚಿಗಳು ಮಾತ್ರ ಉಳಿಯುತ್ತಿದ್ದವು.

ಹೊಟ್ಟೆನೋವು ಎನ್ನಬಹುದಿತ್ತು. ಗೀರು ಬಿದ್ದ ಸಿ.ಡಿ.ಯನ್ನೇ ಹಾಕಿಸಿ ಮೋ ಮೋ ಎನ್ನುವ ಮುಂಚೆ ಮೈಕು ಕೆಟ್ಟಂತೆ ನಟಿಸಬಹುದಿತ್ತು. ಎರಡನ್ನೂ ಯೋಚಿಸಿದಳು. ಅಷ್ಟರಲ್ಲಿ ವೇದಿಕೆಯ ಮೇಲೆ ಚಿನ್ನಪ್ಪ, ಇವತ್ತು ನಮ್ಮ ಜಯರಾಮಯ್ಯನವರ ಮಗಳು ಎಂದು ಮೂರು ಭಾಷೆಯಲ್ಲೂ ಕೂಗಿಬಿಟ್ಟ. ಚಪ್ಪಾಳೆ ಎದ್ದಿತು. ಅವಳು ಅವನ ಹತ್ತಿರ ಹೋಗಿ ಕಿವಿಯಲ್ಲಿ, ಕೀಬೋರ್ಡಿನಲ್ಲೇ ನುಡಿಸು, ಆದರೆ ಇಳಿಸು ಎಂದಳು.

"ಎಷ್ಟು ಕಟ್ಟೆ?" ಎಂದ ಚಿನ್ನಪ್ಪ. ಆರ್ಕೆಸ್ಟ್ರಾದವರು ಶ್ರುತಿಯ ಮೆಟ್ಟಿಲಿಗೆ ಹೇಳುವ ಮಾತು ಅದು. ಹಾಡುವವರೆಲ್ಲರಿಗೂ ತಮ್ಮದು ಎಷ್ಟು ಕಟ್ಟೆ ಎಂದು ಗೊತ್ತಿರುತ್ತದೆ. ಕೋಮಲಾಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಚಿನ್ನಪ್ಪ ಅವಳ ಮುಖವನ್ನೊಮ್ಮೆ ನೋಡಿ, ಒಂದು ಬಟನ್ನನ್ನು ಎರಡು ಸಲ ಒತ್ತಿದ.

ಮೈಕಿನಲ್ಲಿ ಮೊದಲು ಕೇಳಿಸಿದ್ದು ಅವಳ ಉಂಗುರ, ಮೈಕಿಗೆ ತಾಗಿ ಟಕ್ ಎಂದದ್ದು. ಮೈಕಿಗೆ ಜೀವವಿತ್ತು. ಅವಳು ಹಾಡಿದಳು. ಅವಳ ದನಿ ದೊಡ್ಡ ಪೆಟ್ಟಿಗೆಗಳಿಂದ ಹೊರಟು, ಶೆಡ್ಡಿನ ಗೋಡೆಗೆ ಬಡಿದು, ಒಂದು ಗಳಿಗೆ ತಡವಾಗಿ ಅವಳಿಗೇ ವಾಪಸು ಬಂತು. ಅದು ದಪ್ಪಗಿತ್ತು, ಅಂಚಿನಲ್ಲಿ ಸ್ವಲ್ಪ ಒರಟಾಗಿತ್ತು. ಹಿಂದಿನ ಓಣಿಯಲ್ಲಿ ಯಾರನ್ನೋ ಊಟಕ್ಕೆ ಕರೆಯುತ್ತಿರುವವರ ದನಿಯಂತಿತ್ತು. ಇದು ನನ್ನದಲ್ಲ ಎಂದು ಮೊದಲು ಅವಳಿಗೇ ಅನ್ನಿಸಿತು. ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನೆಗಡಿಯಾಗಿದೆ ಎಂದಿರಬಹುದು, ಬೇರೇನೋ ಎಂದಿರಬಹುದು. ಜಯರಾಮಯ್ಯ ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳ ಪಕ್ಕದಲ್ಲಿ, ಬೆಳಗಿನ ಹಾಗೆಯೇ ಕೈ ಜೋಡಿಸಿಕೊಂಡು ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ, ಸ್ಪೀಕರನ್ನು ನೋಡುತ್ತಿದ್ದ.

ಸಾಲು ಬಂತು. ಮೊದಲನೆಯ 'ಮೋಡಕೇ' ನಿಂತಿತು. ಎರಡನೆಯದೂ ನಿಂತಿತು. ಮೂರನೆಯದಕ್ಕೆ, ಅಭ್ಯಾಸ ಬಲದಿಂದ, ಅವಳ ಕುತ್ತಿಗೆಯ ನರ ತಾನಾಗಿ ಉಬ್ಬಿ ಗಂಟಲನ್ನು ಹಿಸುಕಿತು. ದನಿ ಎರಡಾಗಿ ಸೀಳಿತು. ಸೀಳಿದ ಎರಡೂ ಎಳೆ ಗೋಡೆಯಿಂದ ವಾಪಸು ಬಂದವು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ಕಣ್ಣು ಮುಚ್ಚಿ, ನರವನ್ನು ಬಿಟ್ಟು, ಅದೇ ಸ್ವರವನ್ನು ಮತ್ತೆ ಕೆಳಗಿನಿಂದ ಹಿಡಿದಳು. ಹಿಡಿದದ್ದು ಹಾಡು ಮುಗಿಯುವವರೆಗೂ ಅಲುಗಾಡುತ್ತಲೇ ಇತ್ತು. ಬೀಳಲಿಲ್ಲ.

ಆಮೇಲೆ ಹೆಂಗಸರ ಕಡೆಯಿಂದ ಚಪ್ಪಾಳೆ, ಗಂಡಸರ ಕಡೆಯಿಂದ ಶಿಳ್ಳೆ, ಎಲ್ಲ ಕಡೆಯಿಂದಲೂ ಒನ್ಸ್ ಮೋರ್ ಎಂಬ ಕೂಗು. ಮೆಚ್ಚಿ ಕೂಗುತ್ತಿದ್ದರೋ, ದನಿ ಸೀಳಿದ್ದನ್ನು ಇನ್ನೊಮ್ಮೆ ನೋಡಬೇಕೆಂದು ಕೂಗುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ. ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ಎರಡಕ್ಕೂ ಒಂದೇ ಸದ್ದು.

ವೇದಿಕೆಯ ಪಕ್ಕದ ಮೆಟ್ಟಿಲಲ್ಲಿ ಕಿರಣ್‌ಕುಮಾರ್ ನಿಂತಿದ್ದ. ಯಾವಾಗ ಬಂದನೋ. ಬೂಟಿಗೆ ಕುಂಬಳಕಾಯಿಯ ಬೀಜಗಳು ಅಂಟಿದ್ದವು, ಕೈಯಲ್ಲಿ ಸಿ.ಡಿ. ಚಿನ್ನಪ್ಪನಿಗೆ ಅದನ್ನು ಕೊಟ್ಟು, ಕೋಮಲಾಳ ಮೈಕಿನ ಸ್ವಿಚ್ಚನ್ನು ತಾನೇ ಆರಿಸಿ, ಬಾಗಿ ಮಾತಾಡಿದ. ಸಿಟ್ಟಿರಲಿಲ್ಲ, ಅವನಿಗೆ ಸಿಟ್ಟು ಬರುವುದೇ ಅಪರೂಪ.

"ನಿನ್ನ ಅದೃಷ್ಟ, ಜನ ಇನ್ನೂ ಕೂತಿದಾರೆ. ಮೊದಲನೇದು ಸುಮ್ನೆ ತಮಾಷೆಗೆ ಹಾಡಿದ್ದು, ಈಗ ನಿಜವಾದ್ದು ಅಂತ ಹೇಳು. ಇದು ಶುರುವಾದ ಮೇಲೆ ಅದನ್ನ ಯಾರೂ ನೆನಪಿಟ್ಕೊಳ್ಳಲ್ಲ. ನಾಳೆ ಬಂದು ಸೈನ್ ಮಾಡು."

"ಸಾರ್, ಆ ಮೂರನೇದು ಯಾರದು?"

"ಯಾರದು ಅಂದ್ರೆ?" ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಹಾಡಿಂದು. ಟೈಮ್ ಇಲ್ಲ ಕೋಕೋ. ಹಾಕಿಸ್ಲಾ, ಬೇಡ್ವಾ? ಬೇಡ ಅಂದ್ರೂ ನಂಗೇನು ಬೇಜಾರಿಲ್ಲ, ಹೇಳಿದೀನಲ್ಲ, ಆ ಹುಡುಗಿ ಇದಾಳೆ."

ಚಿನ್ನಪ್ಪ ಸಿ.ಡಿ.ಯನ್ನು ಪ್ಲೇಯರಿನಲ್ಲಿಟ್ಟು, ಬೆರಳನ್ನು ಬಟನ್ನಿನ ಮೇಲೆ ಹಿಡಿದು ಅವಳನ್ನೇ ನೋಡುತ್ತಿದ್ದ. ಗೀರಿಲ್ಲದ ಸಿ.ಡಿ. ಒತ್ತಿದರೆ ಯಾರೂ ಹಾಡದ ಆ ಸ್ವರ ಬರುತ್ತದೆ, ನಗುವವರು ಸುಮ್ಮನಾಗುತ್ತಾರೆ, ನಾಳೆ ಸೈನು. ಆಮೇಲೆ ಒಂದು ಸ್ಟುಡಿಯೋ, ಅಲ್ಲಿ ಗೋಡೆಯ ಹಿಂದೆ ಗಂಟಲು ಕಟ್ಟಿ ಅಳುವ ಯಾವಳೋ ಒಬ್ಬಳು. ಆಮೇಲೆ ಮತ್ತೊಂದು ಊರಿನ ಮತ್ತೊಂದು ರಾತ್ರಿ, ಬ್ಯಾಗಿನ ಜೇಬಿನ ಮೇಲೆ ಕೈಯಿಟ್ಟು, ಇದೆಯೋ ಇಲ್ಲವೋ.

ಒತ್ತದಿದ್ದರೆ ಏನು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಬೇಡ ಚಿನ್ನಪ್ಪಣ್ಣ," ಎಂದಳು. "ಕೀಬೋರ್ಡೇ ಇರ್ಲಿ. ಇನ್ನೊಂದು ಅರ್ಧ ಕಟ್ಟೆ ಇಳಿಸು."

ಕಿರಣ್‌ಕುಮಾರ್ ಅವಳನ್ನು ಒಂದು ಗಳಿಗೆ ನೋಡಿದ. ತಪ್ಪು ನಿಲ್ದಾಣದಲ್ಲಿ ಇಳಿಯುತ್ತಿರುವವರನ್ನು ಬಸ್ಸಿನೊಳಗಿಂದ ನೋಡುವಂತೆ. ಆಮೇಲೆ ಪ್ಲೇಯರಿನಿಂದ ಸಿ.ಡಿ.ಯನ್ನು ತೆಗೆದು, ಅಂಗಿಯ ತುದಿಯಿಂದ ಒಮ್ಮೆ ಒರೆಸಿ, ಕವರಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಅವನ ಕಾರು ಹೋಯಿತೋ ನಿಂತಿತೋ ಅವಳು ನೋಡಲಿಲ್ಲ. ನೋಡಿದರೆ ಕರೆದುಬಿಡುತ್ತೇನೆಂದು ಭಯವಾಗಿತ್ತು.

ಚಿನ್ನಪ್ಪ ಶುರು ಮಾಡಿದ. ಅವಳು ಮೈಕಿನ ಸ್ವಿಚ್ಚನ್ನು ಹಾಕಿದಳು. ಮೂರನೆಯ 'ಮೋಡಕೇ' ಇನ್ನೂ ದೂರವಿತ್ತು, ಆದರೆ ಹೆದರಿಕೆ ಆಗಲೇ ಶುರುವಾಗಿ ದನಿಯೊಳಕ್ಕೆ ಇಳಿದಿತ್ತು. ದೊಡ್ಡ ಪೆಟ್ಟಿಗೆಗಳಲ್ಲಿ ಅದು ಅಂಗಳದ ಕೊನೆಯವರೆಗೂ, ಬಸ್ಸುಗಳವರೆಗೂ ಕೇಳಿಸುತ್ತಿತ್ತು. ಅವಳು ಹಾಡುತ್ತಾ ಹೋದಳು.